ಕೊಂಡಿಯಿದ್ದ ಕಣ್ಣುಗಳು

ಕನ್ನಡಕದ ಕಾಲು ಮುರಿದಿತ್ತು. ದಾರ ಕಟ್ಟಿಕೊಂಡು ಓಡಾಡುತ್ತಿದ್ದ ನನ್ನನ್ನು ಕಂಡು ಮನೆಯವಳು ನಗುತ್ತಿದ್ದಳು. ನಗುವುದರ ಜೊತೆಗೆ ಬೇರೇನೋ ಮಾಡುತ್ತಿದ್ದಳು ಎಂಬುದು ಇವತ್ತು ಬೆಳಿಗ್ಗೆ ಬೆಳ್ಳಿಬಂಗಾರದ ಕೆಲಸದ ಪತ್ತಾರನ ಅಂಗಡಿಯಲ್ಲಿ ತಿಳಿಯಿತು. ಬೆಸೆದುಕೊಡು ಎಂದು ಕನ್ನಡಕವನ್ನು ಅವನ ಕೈಗೆ ಕೊಟ್ಟೆ. ಅವನು ಅದನ್ನು ಪಕ್ಕಕ್ಕಿಟ್ಟು, ಕೆಂಪು ಬಟ್ಟೆಯ ಚೂರಿನಲ್ಲಿ ಸುತ್ತಿದ್ದ ಏನನ್ನೋ ಬಿಚ್ಚಿ ನನ್ನ ಮುಂದೆ ಹಿಡಿದ. ಬರಿಗಣ್ಣಿಗೆ ಮೊದಲು ಎರಡು ಸಣ್ಣ ಮೀನಿನ ಹಾಗೆ ಕಂಡವು. ಬಗ್ಗಿ ನೋಡಿದರೆ ಬೆಳ್ಳಿಯ ಕಣ್ಣುಗಳು, ಆಗಷ್ಟೇ ಹುಣಸೆಹುಳಿಯಲ್ಲಿ ತೊಳೆದು ಫಳಫಳ ಮಾಡಿದ್ದವು, ನನ್ನನ್ನೇ ನೋಡುತ್ತಿದ್ದವು.

"ಅಮ್ಮಾರು ಹೇಳಿ ಮಾಡಿಸ್ಯಾರ್ರಿ. ನಿಮ್ಮ ಕಣ್ಣಿನ ಸಲುವಾಗಿ ಹರಕಿ ಹೊತ್ತಾರಂತ," ಎಂದ ಪತ್ತಾರ. "ಕೊಂಡಿ ಹಚ್ಚಬೇಕೋ ಬ್ಯಾಡೋ ಅನ್ನೂದೊಂದು ಹೇಳಲಿಲ್ಲ. ನಿಮ್ಮ ಮನೀದು ಎರಡೂ ಕಡೀ ನಡಿತೈತಿ ಅಂತ ನಮ್ಮಪ್ಪ ಹೇಳ್ತಿದ್ದ. ನೀವ ಹೇಳ್ರಿ."

ನಿಮಗೆ ಇದು ಅರ್ಥವಾಗಲಿಕ್ಕಿಲ್ಲ. ನಮ್ಮ ಕಡೆ ಕಣ್ಣುಬೇನೆ ಬಂದರೆ ಊರದೇವತೆ ಅಮ್ಮನವರಿಗೆ ಬೆಳ್ಳಿ ಕಣ್ಣು ಮಾಡಿಸಿ ಒಪ್ಪಿಸುತ್ತಾರೆ. ಅದನ್ನು ಮೂರ್ತಿಯ ಮುಖಕ್ಕೆ ಮೇಣದಿಂದ ಅಂಟಿಸುವುದರಿಂದ ಕೊಂಡಿ ಬೇಕಿಲ್ಲ. ಗೋರಾ ಪಲ್ಟಣ ಬೀಡುಬಿಟ್ಟ ದಂಡಿನ ಚರ್ಚಿನಲ್ಲಿ ಹರಕೆಯ ಕಣ್ಣನ್ನು ದಾರಕ್ಕೆ ತೂಗುಹಾಕುತ್ತಾರೆ, ಅದಕ್ಕೆ ಕೊಂಡಿ ಬೇಕು. ಪತ್ತಾರನಿಗೆ ಅಚ್ಚು ಒಂದೇ. ಯಾವ ದೇವರ ಕಣ್ಣು ಎಂಬುದು ಆ ಕೊಂಡಿಯಿಂದ ಮಾತ್ರ ಗೊತ್ತಾಗುವುದು. ಕಲೆಕ್ಟರರ ಹುಜೂರ್ ಕಚೇರಿಯಲ್ಲಿ ಇಷ್ಟು ಕಾಲ ಗುಮಾಸ್ತಗಿರಿ ಮಾಡಿ, ಯಾವ ಕಾಗದ ಯಾವ ಕಟ್ಟಿಗೆ ಸೇರಬೇಕೆಂದು ಒಂದೇ ನೋಟಕ್ಕೆ ಹೇಳುತ್ತಿದ್ದ ನಾನು ಈ ಪ್ರಶ್ನೆಯನ್ನು ಮುಂದಕ್ಕೆ ಹಾಕಿದೆ. ಮೊದಲು ಕನ್ನಡಕ ಮಾಡು, ಆಮೇಲೆ ಹೇಳುತ್ತೇನೆ ಎಂದು ಕಟ್ಟೆಯ ಮೇಲೆ ಕೂತೆ. ಕನ್ನಡಕವಿಲ್ಲದೆ ಬೀದಿಯೆಲ್ಲ ಮಂಜು. ಆ ಮಂಜಿನಲ್ಲಿ, ತೀರಿಕೊಂಡು ವರ್ಷಗಳಾದ ರಿಂದತ್ತೆ ನೆನಪಾಗಿ ಬಂದಳು.

ಹೆಸರು ವೃಂದಾಬಾಯಿ, ನಮ್ಮ ತಂದೆಗೆ ಅಕ್ಕ. ಹುಟ್ಟಿದ್ದು ಕುರುಗೋಡು, ಕೊಟ್ಟದ್ದು ಸಿರುಗುಪ್ಪಕ್ಕೆ. ಸಿರುಗುಪ್ಪದ ನೆನಪೆಂದರೆ ಅವಳಿಗೆ ತುಂಗಭದ್ರೆಯ ನೀರು, ಹಸಿರು ಗದ್ದೆ, ಮತ್ತೆ ಒಂದು ಕೆಂಪು ಜರಿಯ ರುಮಾಲು. ಆ ರುಮಾಲೇ ಗಂಡ. ಅದರ ಕೆಳಗಿನ ಮುಖವನ್ನು ತಲೆಯೆತ್ತಿ ನೋಡುವಷ್ಟು ಅವಳು ದೊಡ್ಡವಳಾಗಿರಲಿಲ್ಲ, ದೊಡ್ಡವಳಾಗುವ ಹೊತ್ತಿಗೆ ಅವನಿರಲಿಲ್ಲ. ತಲೆ ಬೋಳಿಸಿಕೊಂಡು ಕುರುಗೋಡಿಗೆ ಮರಳಿದಳು. ದೊಡ್ಡ ಬರ ಕಳೆದು ಊರುಗಳು ಚೇತರಿಸಿಕೊಳ್ಳುತ್ತಿದ್ದ ಕಾಲಕ್ಕೆ ನನಗೆ ಬಳ್ಳಾರಿಯಲ್ಲಿ ಕೆಲಸ ಸಿಕ್ಕಿತು. ಅಡುಗೆಗೆಂದು ನನ್ನ ಜೊತೆ ಬಂದವಳು, ಬಂದ ದಿನವೇ ಮನೆಯನ್ನೂ ನನ್ನನ್ನೂ ಸ್ವಾಧೀನಕ್ಕೆ ತೆಗೆದುಕೊಂಡಳು. ಅವಳ ಮಡಿಯೆಂದರೆ ಕಲೆಕ್ಟರ್ ದೊರೆಯ ಹುಕುಮಿಗಿಂತ ಬಿಗಿ.

ಅಂಥವಳಿಗೆ ಒಂದು ಬೇಸಿಗೆಯಲ್ಲಿ ಕಣ್ಣು ಬೇನೆ ಶುರುವಾಯಿತು. ಮೊದಲು ಕೆಂಪಾದವು, ಆಮೇಲೆ ಮಸುಕಾದವು. ಒಂದು ಬೆಳಿಗ್ಗೆ ತುಳಸಿಗೆ ಎರೆಯಬೇಕಾದ ನೀರನ್ನು ಹಿತ್ತಲ ಒರಳಿಗೆ ಎರೆದು, ಅದಕ್ಕೇ ಪ್ರದಕ್ಷಿಣೆ ಹಾಕುತ್ತಿದ್ದಳು. ನನಗೆ ನಗು ಬಂತು. ಹತ್ತಿರ ಹೋಗಿ ನೋಡಿದರೆ ಅವಳು ಅಳುತ್ತಿದ್ದಳು, ಒರಳು ಎಂದು ಅವಳಿಗೆ ಗೊತ್ತಾಗಿತ್ತು, ನಡುವೆ ನಿಲ್ಲಿಸಲು ನಾಚಿಕೆಯಾಗಿತ್ತು. ಕಣ್ಣು ಹೋದರೆ ಮಡಿ ಹೋಯಿತು, ಮಡಿ ಹೋದರೆ ಒಲೆ ಹೋಯಿತು, ಒಲೆ ಹೋದ ವಿಧವೆಗೆ ಮನೆಯಲ್ಲಿ ಉಳಿಯುವುದು ಒಂದು ಮೂಲೆ. ಅವಳಿಗೆ ಹೆದರಿಕೆ ಇದ್ದದ್ದು ಕತ್ತಲೆಯದಲ್ಲ, ಆ ಮೂಲೆಯದು.

ಕುರುಗೋಡಿನ ಊರಮ್ಮನಿಗೆ ಹರಕೆ ಹೊತ್ತಳು. ನಾವು ಮಾಧ್ವರು, ದೇವತೆಗಳಲ್ಲಿ ಮೇಲು ಕೆಳಗಿನ ತಾರತಮ್ಯವನ್ನು ಹಸುಗೂಸಿಗೂ ಕಲಿಸುವ ಜನ, ಇದೇನು ಎಂದು ಕೇಳಿದೆ. ದೊಡ್ಡ ದೇವರ ಹತ್ತಿರ ಮೋಕ್ಷ ಕೇಳಬೇಕೇ ಹೊರತು ಕಣ್ಣು, ಹಲ್ಲು, ಹೊಟ್ಟೆನೋವು ಎಂದು ಪೀಡಿಸಬಾರದು, ಇದಕ್ಕೆಲ್ಲ ತವರಿನ ತಾಯಿಯೇ ಸರಿ ಎಂದಳು. ಕಚೇರಿಯಲ್ಲಿ ನಾವು ಮಾಡುವುದೂ ಅದನ್ನೇ ಆದ್ದರಿಂದ ನಾನು ಒಪ್ಪಿದೆ. ಈಗಿನ ಪತ್ತಾರನ ತಂದೆ ಮೌನಪ್ಪನಲ್ಲಿ ಬೆಳ್ಳಿ ಕಣ್ಣು ಮಾಡಿಸಿದೆವು. ಅದನ್ನು ದೇವರ ಗೂಡಿನಲ್ಲಿಟ್ಟು ದಿನಾ ಬೆಳಿಗ್ಗೆ ಕಣ್ಣಿಗೆ ಒತ್ತಿಕೊಳ್ಳುವುದು, ಗುಣವಾದ ಮೇಲೆ ಒಪ್ಪಿಸುವುದು. ಜೊತೆಗೆ ನಾನು ಸರ್ಕಾರಿ ದವಾಖಾನೆಯಿಂದ ಒಂದು ಶೀಸೆ ಔಷಧ ತಂದು, ಅದು ಯಾವ ನೀರೋ ಏನೋ ಎಂದು ಅವಳು ಗೊಣಗುತ್ತಿದ್ದರೂ ಬಿಡದೆ ಕಣ್ಣಿಗೆ ಹಾಕುತ್ತಿದ್ದೆ.

ಆ ಕಣ್ಣುಗಳ ಹಿಂದೆ ಒಂದೊಂದು ಸಣ್ಣ ಕೊಂಡಿ ಇತ್ತು. ನಾನು ನೋಡಿದ್ದೆ. ಕಳೆದುಹೋಗದಿರಲೆಂದು ಮೌನಪ್ಪ ಹಾಕಿರಬೇಕು, ಜಾಣ ಎಂದುಕೊಂಡೆ. ಅತ್ತೆಗೆ ಕಾಣುತ್ತಿರಲಿಲ್ಲ, ಬೆರಳಿಗೆ ತಾಗುತ್ತಿತ್ತು, ಅವಳು ಕೇಳಲಿಲ್ಲ.

ದೀಪಾವಳಿಯ ಹೊತ್ತಿಗೆ ಅಕ್ಕಿಯಲ್ಲಿನ ಕಲ್ಲು ಅವಳಿಗೆ ಕಾಣತೊಡಗಿತು. ಆ ಸಂತೋಷಕ್ಕೆ ಆರಿಸಿದ ಅಕ್ಕಿಯನ್ನೇ ಮತ್ತೆ ಮತ್ತೆ ಆರಿಸುತ್ತಿದ್ದಳು. ಕುರುಗೋಡಿಗೆ ಹೋಗಲು ಒಳ್ಳೆಯ ದಿನ ನೋಡುತ್ತಿದ್ದೆವು. ಡಿಸೆಂಬರಿನ ಒಂದು ಮಧ್ಯಾಹ್ನ ಹಿತ್ತಲ ಬಾಗಿಲಿಗೆ ಆರೋಗ್ಯಮ್ಮ ಬಂದಳು.

ಆರೋಗ್ಯಮ್ಮ ತಮಿಳು ಸೀಮೆಯ, ಅರವದ ಕಿರಿಸ್ತಾನದವಳು. ಗಂಡ ದಂಡಿನಲ್ಲಿ ಗೋರಾ ಸಿಪಾಯಿಗಳಿಗೆ ಅಡುಗೆ ಮಾಡುವ ಕುಸಿನಿಯವನು. ಹೊಗೆಗೋ ಏನೋ ಅವನ ಕಣ್ಣೂ ಕೆಟ್ಟಿದ್ದವು. ಅವಳೂ ಮೌನಪ್ಪನಲ್ಲೇ ಬೆಳ್ಳಿ ಕಣ್ಣು ಮಾಡಿಸಿ, ಪಾದ್ರಿಯಿಂದ ಮಂತ್ರದ ನೀರು ಚಿಮುಕಿಸಿಕೊಂಡು, ಕೊಂಡಿ ಸಡಿಲಾಯಿತೆಂದು ಮತ್ತೆ ಅಂಗಡಿಗೆ ಕೊಟ್ಟಿದ್ದಳಂತೆ. ಬಿಡಿಸಿಕೊಂಡು ಬಂದವನು ಗಂಡ, ಅವನಿಗೆ ಕಣ್ಣು ಸರಿಯಾಗಿ ಕಾಣದು. ಬಟ್ಟೆಯ ಗಂಟನ್ನು ಹಾಗೇ ದಿಂಬಿನ ಕೆಳಗಿಟ್ಟು, ಅವರ ಸಂತಮ್ಮನ ಹಬ್ಬದ ದಿನ ತೂಗುಹಾಕಲೆಂದು ಬಿಚ್ಚಿದರೆ ಕೊಂಡಿಯೇ ಇಲ್ಲ. ಮೌನಪ್ಪನನ್ನು ಕೇಳಿದಾಗ ಅವನು ಎರಡು ಗಂಟು ಅದಲುಬದಲಾಗಿವೆಯೆಂದು ಹಣೆ ಹಣೆ ಬಡಿದುಕೊಂಡು ನಮ್ಮ ಮನೆ ತೋರಿಸಿದ್ದ. ಇಷ್ಟನ್ನೂ ಅವಳು ತೆಲುಗಿನಲ್ಲಿ ಹೇಳಿದಳು. ಗಂಡನ ಕಣ್ಣು ದಿನದಿನಕ್ಕೆ ಹೋಗುತ್ತಿವೆ, ಸಾರಿಗೆ ಉಪ್ಪು ಎರಡು ಸಲ ಬಿದ್ದು ದೊರೆಗಳು ಬೈದಿದ್ದಾರೆ, ನಮ್ಮ ಕಣ್ಣು ನಮಗೆ ಕೊಟ್ಟುಬಿಡಿ, ನಿಮ್ಮವು ಇಗೋ ಎಂದು ಗಂಟನ್ನು ಹೊಸ್ತಿಲ ಮೇಲಿಟ್ಟಳು.

ರಿಂದತ್ತೆ ಗೋಡೆ ಹಿಡಿದು ಕೂತುಬಿಟ್ಟಳು. ನೀವೇ ಯೋಚಿಸಿ. ಹರಕೆ ಹೊತ್ತದ್ದು ಊರಮ್ಮನಿಗೆ, ದಿನಾ ಕಣ್ಣಿಗೆ ಒತ್ತಿಕೊಂಡದ್ದು ಯಾವಳೋ ಸಂತಮ್ಮನದು. ಹಾಗಾದರೆ ಕಣ್ಣು ಕೊಟ್ಟವರು ಯಾರು? ಸಂತಮ್ಮನ ಕಣ್ಣನ್ನು ವಾಪಸು ಕೊಟ್ಟರೆ ಇವಳ ಕಣ್ಣೂ ಅದರ ಜೊತೆ ಹೋಗಿಬಿಟ್ಟರೆ? ಔಷಧದ ಶೀಸೆಯ ಮಾತನ್ನು ನಾನು ಎತ್ತಿದೆ. ಇಬ್ಬರೂ ಹೆಂಗಸರು ನನ್ನನ್ನು ನೋಡಿದ ರೀತಿಗೆ ಮತ್ತೆ ಎತ್ತಲಿಲ್ಲ.

ಈ ಸಂತಮ್ಮ ಯಾರು ಎಂದು ಅತ್ತೆ ಕೇಳಿದಳು. ಲೂಸಿಯಮ್ಮ ಎಂದಳು ಆರೋಗ್ಯಮ್ಮ. ಚರ್ಚಿನಲ್ಲಿ ನಡುಮನೆ ಅವರ ದೇವಮಾತೆಯದು, ಲೂಸಿಯಮ್ಮನಿಗೆ ಬಾಗಿಲ ಪಕ್ಕದ ಒಂದು ಗೂಡು, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಎರಡು ಕಣ್ಣು. ಅವರಲ್ಲಿ ಇಂಥ ಸಣ್ಣ ಸಂತರು ಬಹಳ ಜನವಂತೆ, ಹಲ್ಲು ಕೀಳಿಸಿಕೊಂಡು ಸತ್ತ ಮುದುಕಿಗೆ ಹಲ್ಲುನೋವಿನವರು ನಡೆದುಕೊಳ್ಳುತ್ತಾರಂತೆ. ಯಾವ ಅಂಗ ಕಳೆದುಕೊಂಡರೋ ಆ ಅಂಗದ ಕಾರುಬಾರು ಅವರಿಗೆ. ಖಾತೆ ಹಂಚಿದ ರೀತಿ ನನಗೆ ಮೆಚ್ಚುಗೆಯಾಯಿತು.

ಆರೋಗ್ಯಮ್ಮ ನಿಂತಲ್ಲೇ ನಿಂತು ಕಥೆ ಹೇಳಿದಳು. ಸಮುದ್ರದಾಚೆಯ ಒಂದು ಊರಿನ ಸಾಹುಕಾರರ ಹುಡುಗಿ. ಮದುವೆ ಗೊತ್ತಾಗಿತ್ತು. ನನ್ನ ಜೀವ ದೇವರಿಗೆ ಕೊಟ್ಟಾಗಿದೆ ಎಂದು, ಮದುವೆಗಿಟ್ಟದ್ದನ್ನೆಲ್ಲ ಬಡವರಿಗೆ ಹಂಚಿದಳು. ಮದುಮಗ ಹೋಗಿ ಅಧಿಕಾರಿಗೆ ದೂರು ಕೊಟ್ಟ. ಅವಳನ್ನು ಎಳೆದೊಯ್ಯಲು ಎತ್ತುಗಳನ್ನು ಹೂಡಿದರು, ಅವಳು ಕದಲಲಿಲ್ಲ. ಬೆಂಕಿ ಹಾಕಿದರು, ಸುಡಲಿಲ್ಲ. ಕಣ್ಣು ಕಿತ್ತರು. ಕಡೆಗೆ ಕತ್ತಿಗೆ ಕೊರಳು ಕೊಟ್ಟಳು.

ಎತ್ತು, ಬೆಂಕಿ, ಕತ್ತಿ, ಇವುಗಳಲ್ಲಿ ಯಾವುದೂ ಅತ್ತೆಯ ಮನಸ್ಸಿಗೆ ಹೋದಂತೆ ಕಾಣಲಿಲ್ಲ. ಅವಳು ಕೇಳಿದ್ದು ಒಂದೇ: "ಹುಡುಗಿ ತಾನೇ ಒಲ್ಲೆ ಅಂದ್ಲಂತೇನು?"

ಹೌದೆಂದು ಆರೋಗ್ಯಮ್ಮ ತಲೆಯಾಡಿಸಿದಳು.

"ನನ್ನ ಯಾರೂ ಕೇಳಲೇ ಇಲ್ಲ," ಎಂದಳು ಅತ್ತೆ. "ಕೇಳಿದ್ರ ಏನಂತಿದ್ನೋ ಅದೂ ಗೊತ್ತಿಲ್ಲ."

ಅಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅವಳ ಬಾಯಿಂದ ಅಂಥ ಮಾತು ನಾನು ಕೇಳಿರಲಿಲ್ಲ. ನನಗೆ ಸಂಕಟವಾಯಿತು. ನಾಳೆ ಬಾ ಎಂದು ಆರೋಗ್ಯಮ್ಮನನ್ನು ಕಳಿಸಿ, ಅತ್ತೆ ನನ್ನನ್ನು ಮಠದ ಆಚಾರ್ಯರ ಹತ್ತಿರ ಅಟ್ಟಿದಳು. ಕೇಳಬೇಕಾದದ್ದು ಇಷ್ಟೇ: ತಾರತಮ್ಯದಲ್ಲಿ ಈ ಲೂಸಿಯಮ್ಮ ಎಲ್ಲಿ ಬರುತ್ತಾಳೆ, ಊರಮ್ಮನಿಗಿಂತ ಮೇಲೋ ಕೆಳಗೋ? ಮೇಲಿನವರದನ್ನು ಕಿತ್ತು ಕೆಳಗಿನವರಿಗೆ ಕೊಡಬಾರದಲ್ಲ. ಆಚಾರ್ಯರು ಮೊದಲು ಸಿಟ್ಟಾದರು, ಆಮೇಲೆ ಯೋಚನೆಗೆ ಬಿದ್ದರು. ಪ್ರಾಣ ಕೊಟ್ಟಾದರೂ ವ್ರತ ಉಳಿಸಿಕೊಂಡವಳು ಅಂತೀಯ, ಹಾಗಾದರೆ ತೀರ ಕೆಳಗೆ ಇಡುವ ಹಾಗೂ ಇಲ್ಲ, ಮೇಲೆ ಇಡಲು ನನಗೆ ಶಾಸ್ತ್ರಪ್ರಮಾಣವೂ ಇಲ್ಲ ಎಂದರು. ಬಾಗಿಲವರೆಗೆ ಬಂದು, ಆ ದವಾಖಾನೆಯ ಔಷಧ ಎಷ್ಟು ಹೊತ್ತಿಗೊಮ್ಮೆ ಹಾಕುತ್ತಿದ್ದಿ ಎಂದು ಮೆತ್ತಗೆ ಕೇಳಿದರು. ಹೋದದ್ದಕ್ಕಿಂತ ಹೆಚ್ಚು ಗೊಂದಲ ಹೊತ್ತುಕೊಂಡು ಮನೆಗೆ ಬಂದೆ.

ಅತ್ತೆ ನನ್ನ ಉತ್ತರಕ್ಕೆ ಕಾದಿರಲಿಲ್ಲ. ಕುರುಗೋಡಿಗೆ ಹೋಗಲು ಕಮಾನು ಬಂಡಿ ಹೇಳು, ಹೋಗುವಾಗ ದಂಡಿನ ಮೇಲೆ ಹಾಯ್ದು ಹೋಗೋಣ ಎಂದಳು. ಸಂತಮ್ಮನದನ್ನು ಆರೋಗ್ಯಮ್ಮನ ಕೈಗೆ ಕೊಟ್ಟರೆ ಸಾಲದೇ, ಮಡಿ ಹೆಂಗಸು ಚರ್ಚಿಗೆ ಹೋದಳೆಂದರೆ ಅಗ್ರಹಾರದಲ್ಲಿ ನೀರು ಸಹ ಕೊಡಲಿಕ್ಕಿಲ್ಲ ಎಂದೆ.

"ಇಷ್ಟು ದಿನ ಆಕೀ ಕಣ್ಣು ಇಟಗೊಂಡು ಕೂತೀನಿ. ಇನ್ನೊಬ್ಬರ ಕೈಯಾಗ ಕೊಟ್ಟು ಕಳಸಲೇನು?" ಎಂದಳು.

ಆರೋಗ್ಯಮ್ಮನಿಗೆ ಹೇಳಿಕಳಿಸಿ, ಮರುದಿನ ಬೆಳಕು ಹರಿಯುವಾಗ ಹೊರಟೆವು. ಚರ್ಚಿನ ಬಾಗಿಲಲ್ಲಿ ಆರೋಗ್ಯಮ್ಮ ಗಂಡನ ಕೈ ಹಿಡಿದು ಕಾದಿದ್ದಳು. ಒಳಗೆ ಮೇಣದಬತ್ತಿಯ ವಾಸನೆ. ರಿಂದತ್ತೆ ಮನೆಯ ಹಿತ್ತಾಳೆ ತಟ್ಟೆಯಲ್ಲಿ ಆ ಎರಡು ಕಣ್ಣುಗಳನ್ನಿಟ್ಟುಕೊಂಡು ಆ ಗೂಡಿನ ಮುಂದೆ ನಿಂತಳು. ಮರದ ಸಂತಮ್ಮನ ಕೈಯಲ್ಲೂ ತಟ್ಟೆ, ಇವಳ ಕೈಯಲ್ಲೂ ತಟ್ಟೆ. ಯಾರು ಯಾರಿಗೆ ಕೊಡುತ್ತಿದ್ದಾರೆ ಎಂಬುದು ನನಗೆ ಆಗಲೂ ತಿಳಿಯಲಿಲ್ಲ. ಇವಳು ತನ್ನ ತಟ್ಟೆಯನ್ನು ಮುಂದೆ ಚಾಚಿದಳು. "ತಗೋ ತಾಯಿ, ನಿನ್ನವು ನಿನಗ," ಎಂದಳು. "ನನ್ನವು ನನಗ ಬಿಡು. ಬಿಡಲಿಕ್ಕೆ ಆಗದಿದ್ರ, ಈ ಒಲೀ ಮುಂದಿನವಗ ಕೊಡು." ತಟ್ಟೆಯನ್ನು ಆರೋಗ್ಯಮ್ಮನ ಕೈಗಿತ್ತು ಕಣ್ಣು ಮುಚ್ಚಿಕೊಂಡಳು.

ಮುಚ್ಚಿದ ಕಣ್ಣನ್ನು ತೆರೆಯಲಿಲ್ಲ. ನನ್ನ ಭುಜ ಹಿಡಿದೇ ಬಂಡಿ ಹತ್ತಿದಳು. ಬಂಡಿ ಊರು ದಾಟಿತು, ಬಂಡೆಗುಡ್ಡಗಳು ಬಂದವು, ಜೋಳದ ಹೊಲಗಳು ಬಂದವು, ತೆರೆಯಲಿಲ್ಲ. ತೆರೆದರೆ ಏನೂ ಕಾಣದಿದ್ದರೆ ಎಂಬ ಭಯ. ನಾನು ದಾರಿಯುದ್ದಕ್ಕೂ ಕಂಡದ್ದನ್ನೆಲ್ಲ ಹೇಳುತ್ತಾ ಹೋದೆ. ಎತ್ತಿನ ಬಣ್ಣ, ಹೊಲದ ಬೆದರುಬೊಂಬೆ, ದೂರದಲ್ಲಿ ಕುರುಗೋಡಿನ ಗುಡ್ಡ. ನನಗೂ ಭಯವಾಗಿತ್ತು, ಅದಕ್ಕೇ ಅಷ್ಟು ಮಾತು.

ಊರಮ್ಮನ ಗುಡಿಯಲ್ಲಿ ಕೊಂಡಿಯಿಲ್ಲದ ಕಣ್ಣುಗಳನ್ನು ಪೂಜಾರಿ ಮೇಣ ಹಚ್ಚಿ ಅಮ್ಮನ ಮುಖಕ್ಕೆ ಅಂಟಿಸಿದ. ಆಯಿತು ಅತ್ತೆ ಎಂದೆ. ಅವಳು ನಿಧಾನವಾಗಿ ರೆಪ್ಪೆ ಎತ್ತಿದಳು. ಅಮ್ಮನ ಮುಖವನ್ನು ನೋಡಿದಳು, ದೀಪವನ್ನು ನೋಡಿದಳು, ತಿರುಗಿ ನನ್ನನ್ನು ನೋಡಿದಳು. ಕಣ್ಣಲ್ಲಿ ನೀರು ತುಂಬಿತು.

"ಕಾಣಸ್ತದ," ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡು, "ಯಾರ ಕಣ್ಣೀಲೆ ನೋಡ್ಲಿಕ್ಹತ್ತೀನೋ, ಅದು ಮಾತ್ರ ಗೊತ್ತಾಗವಲ್ದು," ಎಂದಳು.

ಅವಳ ಕಣ್ಣು ಕಡೆಯವರೆಗೂ ಇದ್ದವು. ಕುಸಿನಿಯವನದು ಏನಾಯಿತೋ ತಿಳಿಯಲಿಲ್ಲ. ಮುಂದಿನ ಬೇಸಿಗೆಯಲ್ಲೇ ಅವನ ಪಲ್ಟಣಕ್ಕೆ ವರ್ಗವಾಗಿ ಅವರು ರೈಲು ಹತ್ತಿ ಹೋದರು. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅತ್ತೆ ಕುರುಗೋಡಿನ ದಿಕ್ಕಿಗೆ ಒಂದು, ದಂಡಿನ ದಿಕ್ಕಿಗೆ ಒಂದು ನಮಸ್ಕಾರ ಮಾಡುತ್ತಿದ್ದಳು. ಆಮೇಲೆ ನನ್ನನ್ನು ಕೇಳುತ್ತಿದ್ದಳು, ಆ ಒಲೆಯ ಮುಂದಿನವನಿಗೆ ಕಣ್ಣು ಬಂತೋ ಇಲ್ಲವೋ ಎಂದು. ಬಂದಿರಬೇಕು ಎನ್ನುತ್ತಿದ್ದೆ. ಇರಬೇಕು ಎಂಬುದು ಉತ್ತರವಲ್ಲ ಎಂದು ಅವಳಿಗೂ ಗೊತ್ತಿತ್ತು. ಅವನಿಗೆ ಬರದೆ ತನಗೇ ಉಳಿದವೇನೋ ಎಂಬ ಕೊರಗು ಅವಳನ್ನು ಕೊನೆಗೂ ಬಿಡಲಿಲ್ಲ.

ಪತ್ತಾರ ಕನ್ನಡಕವನ್ನು ಒರೆಸಿ ಕೈಗೆ ಕೊಟ್ಟ. ಹಾಕಿಕೊಂಡೆ. ಮಂಜು ಸರಿಯಿತು, ಬೀದಿ ಬಂತು, ಅವನ ಮುಖ ಬಂತು. ಬಟ್ಟೆಯ ಮೇಲಿನ ಬೆಳ್ಳಿ ಕಣ್ಣುಗಳು ಇನ್ನೂ ನೋಡುತ್ತಲೇ ಇದ್ದವು. ವೈದ್ಯರು ನನ್ನ ಕಣ್ಣಿಗೆ ಪೊರೆ ಬಂದಿದೆ ಎಂದಿದ್ದಾರೆ, ಮನೆಯವಳು ನನಗೆ ಹೇಳದೆ ಹೆದರಿದ್ದಾಳೆ, ನನಗೂ ಹೆದರಿಕೆಯಿದೆ.

"ಏನ್ ಮಾಡ್ಲಿರಿ? ಕೊಂಡಿ ಇರಲೋ ಬ್ಯಾಡೋ?"

"ಒಂದಕ್ಕ ಹಚ್ಚು," ಎಂದೆ. "ಒಂದಕ್ಕ ಬ್ಯಾಡ."

ಅವನು ನನ್ನ ಮುಖವನ್ನೊಮ್ಮೆ ನೋಡಿ, ಒಂದು ಕಣ್ಣನ್ನು ಎತ್ತಿಕೊಂಡು ಕುಲುಮೆಯ ಕಡೆ ತಿರುಗಿದ.