ಕೆಂಪು ಸೀರೆಯ ತೊಟ್ಟಿಲು

ಇಂದು ಬೆಳಿಗ್ಗೆ ಮಾಳಿಗೆಯ ಮೇಲೆ ಹಪ್ಪಳ ನೋಡಲು ಹೋಗಿದ್ದೆ. ನೋಡಲು ಎಂದರೆ ನೋಡಲಷ್ಟೇ. ಹಪ್ಪಳ ಒತ್ತುವ ಕೆಲಸದಿಂದ ಸೊಸೆ ನನ್ನನ್ನು ಎಂದೋ ಬಿಡಿಸಿದ್ದಾಳೆ. ಕಾಗೆ ಓಡಿಸುವ ಹುದ್ದೆಯೊಂದು ಉಳಿದಿದೆ. ಪಕ್ಕದ ಮನೆಯವರು ಹಗ್ಗದ ಮೇಲೆ ನೂಲಿನ ಸೀರೆಯೊಂದನ್ನು ಹರವಿದ್ದರು. ಹಿಂಡಿದ ನೂಲು ಬಿಸಿಲಿಗೆ ಒಣಗತೊಡಗಿದಾಗ ಒಂದು ವಾಸನೆ ಬರುತ್ತದೆ, ನೀವೂ ಗಮನಿಸಿರಬಹುದು. ಅರ್ಧ ಮಣ್ಣಿನದು, ಅರ್ಧ ಗಂಜಿಯದು. ಎಲ್ಲರಿಗೂ ಹಿತವಾದ ವಾಸನೆಯೇ. ನನಗೆ ಮಾತ್ರ ಅಂಗೈ ಬೆವರುತ್ತದೆ.

ನನ್ನ ಅವ್ವ ಜತ್ತ ತಾಲೂಕಿನ ಪೂರ್ವಕ್ಕೆ, ಸಂಖದ ಹತ್ತಿರದ ಒಂದು ಸಣ್ಣ ಹಳ್ಳಿಯಲ್ಲಿ ಮಿಶನ್ ಶಾಲೆ ಕಲಿಸುತ್ತಿದ್ದಳು; ಊರವರಿಗೆಲ್ಲ ಅವಳು ‘ಬಾಯಾರು’. ಅಪ್ಪನಿಗೆ ಮಿರಜದಲ್ಲಿ ಕೆಲಸ, ತಿಂಗಳಿಗೊಮ್ಮೆ ಬರುತ್ತಿದ್ದ. ಶಾಲೆಗೆ ಒಂದೇ ದೊಡ್ಡ ಕೋಣೆ. ವಾರವಿಡೀ ಅದು ಶಾಲೆ, ರವಿವಾರ ಚರ್ಚು. ಶನಿವಾರ ಸಂಜೆ ಅವ್ವ ಕರಿಹಲಗೆಯನ್ನು ಗೋಡೆಗೆ ತಿರುವಿ, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸುತ್ತಿದ್ದಳು. ಅಷ್ಟರಿಂದಲೇ ದೇವರು ಬಂದು ಕೂರುವ ಜಾಗವಾಗುತ್ತಿತ್ತು. ಹಿಂದೆ ಪಾತ್ರೆ, ಬೆಂಚು ಇಡುವ ಸಣ್ಣ ಖೋಲಿ. ಆಚೆ ನಮ್ಮ ಮನೆ, ಬಾವಿ, ಒಂದು ಬೇವಿನ ಗಿಡ.

ಅವ್ವನಿಗೆ ಸುಳ್ಳು ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಎಂದೇ ಹೇಳಬೇಕು, ಕೆಲವರಿಗೆ ಹಾಡು ಬಾರದ ಹಾಗೆ. ಒಮ್ಮೆ ತಪಾಸಣೆಗೆ ಬಂದ ಸಾಹೇಬರು, "ಎಲ್ಲಾ ಹುಡುಗ್ರಿಗೆ ಓದಾಕ ಬರ್ತದಲ್ಲರೀ ಬಾಯಾರ?" ಎಂದು ಎದ್ದು ನಿಂತೇ ಕೇಳಿದರು. ಹೂಂ ಎಂದಿದ್ದರೆ ಹೊರಟುಬಿಡುತ್ತಿದ್ದರು. ಅವ್ವ, "ಇಬ್ಬರಿಗೆ ಬರೂದಿಲ್ರಿ. ಅದ್ರಾಗ ಒಬ್ಬಾಕಿ ನನ್ನ ಮಗಳು" ಎಂದಳು. ಆ ಮಗಳು ಈಗ ನಿಮಗಾಗಿ ಬರೆಯುತ್ತಿದ್ದಾಳೆ. ಓದು ಕೊನೆಗೂ ಬಂತೆಂದು ತಿಳಿಯಿರಿ.

ದಿಲ್ಲಿಯಲ್ಲಿ ಮಹಾತ್ಮರ ಕೊಲೆಯಾದಾಗ ನನಗೆ ಹತ್ತು ವರ್ಷ. ಕೊಂದವನ ಜಾತಿ ತಿಳಿದ ಮೇಲೆ ನಮ್ಮ ಸೀಮೆಯಲ್ಲಿ ಲಾರಿಗಳಲ್ಲಿ ಜನ ಬಂದು ಬ್ರಾಹ್ಮಣರ ಮನೆಗಳಿಗೆ ಬೆಂಕಿ ಹಚ್ಚಿದರು. ಪಶ್ಚಿಮದ ಕಡೆ ಹಗಲಲ್ಲೇ ಹೊಗೆ ಕಾಣುತ್ತಿತ್ತು. ನಮ್ಮೂರಲ್ಲಿದ್ದ ಬ್ರಾಹ್ಮಣರ ಮನೆ ಒಂದೇ, ಸರಕಾರಿ ಶಾಲೆಯ ಮಾಸ್ತರರದು. ಅವರು ಹೆಂಡತಿ ಮಕ್ಕಳೊಡನೆ ನಸುಕಿನಲ್ಲೇ ಹೊಲಗಳನ್ನು ಹಾಯ್ದು, ಜತ್ತ ಸಂಸ್ಥಾನದ ಗಡಿ ದಾಟಿ ವಿಜಾಪುರದ ಕಡೆ ಹೋದರು. ಅವರ ವಿಧವೆ ತಾಯಿಗೆ ಅಷ್ಟು ದೂರ ನಡೆಯಲಾಗದು. ಊರ ಗೌಡರು ಸಂಜೆಗೆ ಚಕ್ಕಡಿ ಕಳಿಸುತ್ತೇನೆಂದರು. ಜೋಳದ ಕಣಿಕೆಯ ಹೊರೆಯ ಕೆಳಗೆ ಮಲಗಿಸಿ ದಾಟಿಸುವ ಲೆಕ್ಕ. ಅಲ್ಲಿಯವರೆಗೆ ಅಜ್ಜಿಯನ್ನು ಅವ್ವ ಆ ಹಿಂದಿನ ಖೋಲಿಯಲ್ಲಿ ಕೂರಿಸಿದಳು.

ಅವ್ವ ಎಂದಿನಂತೆ ಶಾಲೆ ನಡೆಸಿದಳು. ಬಾಗಿಲು ಮುಚ್ಚಿದರೆ ಸಂಶಯ ಬರುತ್ತದೆ ಎಂದು ನನ್ನ ಕಿವಿಯಲ್ಲಿ ಹೇಳಿದ್ದಳು. ಮಗ್ಗಿ ಹೇಳಿಸುವಾಗ ಅವಳ ಕೈಯ ಸುಣ್ಣದ ಕಡ್ಡಿ ಎರಡು ಸಲ ಮುರಿಯಿತು.

ಅಜ್ಜಿ ನಮ್ಮ ಮನೆಯ ನೀರು ಕುಡಿಯುವವಳಲ್ಲ. ಜೀವ ಕೈಯಲ್ಲಿ ಹಿಡಿದು ಕೂತಾಗಲೂ ಹೊತ್ತೇರುತ್ತಲೇ ಆಕೆಗೆ ಮಡಿಯ ನೆನಪಾಯಿತು. ಯಾರಿಗೂ ಹೇಳದೆ ಹಿತ್ತಲಿಗೆ ಬಂದು, ತಾನೇ ನೀರು ಸೇದಿ ಸ್ನಾನ ಮಾಡಿ, ಉಟ್ಟಿದ್ದನ್ನು ಹಿಂಡಿ ಹಗ್ಗಕ್ಕೆ ಹರವಿ, ಗಂಟಿನಲ್ಲಿದ್ದ ಇನ್ನೊಂದನ್ನು ಸುತ್ತಿಕೊಂಡು ಒಳಗೆ ಹೋದಳು. ತಲೆ ಬೋಳಿಸಿಕೊಂಡ ವಿಧವೆಯರಷ್ಟೇ ಉಡುತ್ತಿದ್ದ, ಅಂಚಿಲ್ಲದ ಕೆಂಪು ಸೀರೆ. ಯಾರದೆಂದು ನಮ್ಮ ಸೀಮೆಯಲ್ಲಿ ಯಾರು ಬೇಕಾದರೂ ಹೇಳಬಹುದಿತ್ತು.

ಅವ್ವ ಅದನ್ನು ಕಂಡಾಗ ಲಾರಿಯ ಸದ್ದು ಕೇಳತೊಡಗಿತ್ತು. ಒಳಗೆ ಒಯ್ಯಲು ಅಂಗಳ ದಾಟಬೇಕು, ಅಂಗಳ ಹಾದಿಗೆ ಕಾಣುತ್ತದೆ. ಅವಳು ಸೀರೆಯನ್ನು ಎಳೆದು, ಮಡಿಸಿ, ಬೇವಿನ ಕೊಂಬೆಗೆ ಜೋಳಿಗೆಯಂತೆ ಕಟ್ಟಿ, ಐದು ತಿಂಗಳ ನನ್ನ ತಮ್ಮನನ್ನು ಅದರಲ್ಲಿ ಮಲಗಿಸಿದಳು.

"ತೂಗು. ಅಳಬ್ಯಾಡ," ಎಂದಳು. ಕೂಸಿಗೆ ಹೇಳಿದಳೋ ನನಗೋ ತಿಳಿಯಲಿಲ್ಲ.

ಬಂದವರಲ್ಲಿ ಮುಂದಿದ್ದವನು ನಮ್ಮ ಕಡೆಯವನೇ, ಕನ್ನಡದವನು. ಮಾಸ್ತರರ ಮನೆಗೆ ಬೀಗ ಕಂಡು ಇಲ್ಲಿಗೆ ಬಂದಿದ್ದರು. ಅವನು ನೆಟ್ಟಗೆ ತೊಟ್ಟಿಲಿಗೆ ಬಂದು ಬಟ್ಟೆ ಹಿಡಿದು ನೋಡಿದ.

"ತೋಯ್ದೈತಲ್ಲ?"

"ಕೂಸು ಉಚ್ಚಿ ಹೊಯ್ದೈತ್ರಿ," ಎಂದಳು ಅವ್ವ.

ಹಿಂದಿನವರು ನಕ್ಕರು. "ಪ್ರಸಾದ ಸಿಕ್ತು ನೋಡಪಾ," ಎಂದ ಒಬ್ಬ. ಮುಂದಿದ್ದವನು ಕೈಯನ್ನು ಅಂಗಿಗೆ ಒರೆಸಿಕೊಂಡ, ಆದರೆ ನಗಲಿಲ್ಲ.

"ಇದು ಮಾಸ್ತರನ ಅವ್ವನ ಸೀರಿ ಅಲ್ಲೇನ್ರಿ?"

"ಹೌದ್ರಿ. ಕೂಸಿಗೆ ಇರಲಿ ಅಂತ ಕೊಟ್ಟಾರ."

"ನಿಮ್ಮ ನೆರಳು ಬಿದ್ರ ಮೈ ತೊಳಕೊಳ್ಳಾವರು, ಕೂಸಿಗೆ ಸೀರಿ ಕೊಟ್ಟಾರ?" ಅವನು ಬಾಗಿಲೊಳಗೆ ಮೇಜಿನ ಮೇಲಿದ್ದ ಸತ್ಯವೇದವನ್ನು ತೋರಿಸಿದ. "ಅದನ್ನ ಮುಟ್ಟಿ ಹೇಳ್ರಿ ನೋಡೂಣು."

ಮಕ್ಕಳೆಲ್ಲ ಮಗ್ಗಿ ನಿಲ್ಲಿಸಿ ನೋಡುತ್ತಿದ್ದರು. ಮೇಜಿನ ಹಿಂದೆ ಗೋಡೆ, ಗೋಡೆಯ ಹಿಂದೆ ಖೋಲಿ. ಅವ್ವ ಒಳಗೆ ಹೋಗಿ ಪುಸ್ತಕದ ಮೇಲೆ ಅಂಗೈ ಊರಿದಳು. "ಈ ಸೀರಿ ಅವರು ಕೊಟ್ಟಾರ," ಎಂದಳು. ದನಿ ಪಾಠ ಹೇಳುವ ದನಿಯೇ.

"ಒಳಗ ಹೊಕ್ಕು ನೋಡೂಣೇನು?" ಎಂದ ಇನ್ನೊಬ್ಬ.

ಮುಂದಿದ್ದವನು ಅವ್ವನ ಮುಖವನ್ನು ಬಹಳ ಹೊತ್ತು ನೋಡಿದ. "ಬ್ಯಾಡ. ಈ ಬಾಯಾರು ಸುಳ್ಳ ಹೇಳಾವರಲ್ಲ, ಊರಿಗೇ ಗೊತ್ತೈತಿ. ನಡೀರಿ ಲಗೂನ."

ಲಾರಿಯ ಧೂಳು ಅಡಗಿದ ಮೇಲೆ ಅವ್ವ ಖೋಲಿಯ ಹೊಸ್ತಿಲ ಹೊರಗೇ ನಿಂತಳು. "ಅವ್ವಾರ, ನಿಮ್ಮ ಸೀರಿ ಮುಟ್ಟೇನ್ರಿ. ತಪ್ಪಾತು. ತೊಳದು ಕೊಡ್ತೇನಿ."

"ಕೂಸು ಎದ್ದದೇನು?" ಎಂದಳು ಅಜ್ಜಿ ಒಳಗಿಂದ.

"ಇಲ್ರಿ. ಮಲಗೇತಿ."

"ಹಂಗಾರ ಬಿಚ್ಚಬ್ಯಾಡ. ಇರಲಿ."

ಸಂಜೆ ಚಕ್ಕಡಿ ಬಂತು. ಅವ್ವ ಸೀರೆ ಬಿಚ್ಚಲು ಹೋದರೆ ಅಜ್ಜಿ ಮತ್ತೆ, "ಅದು ಕೂಸಿಂದು," ಎಂದು ಕಣಿಕೆಯ ಕೆಳಗೆ ಮಲಗಿದಳು. ಆ ಮನೆತನ ಮತ್ತೆ ನಮ್ಮೂರಿಗೆ ಬರಲಿಲ್ಲ. ಅಜ್ಜಿ ಸುಖವಾಗಿ ತಲುಪಿದಳೆಂದು ಗೌಡರ ಆಳು ಹೇಳಿದ, ಅಷ್ಟೇ.

ಸೀರೆ ಮೈಲಿಗೆಯಾಯಿತೆಂದು ಬಿಟ್ಟು ಹೋಗಿದ್ದಾರೆ ಎಂದೇ ಅವ್ವ ನಂಬಿದಳು. ನಾನೂ ಹಾಗೇ ತಿಳಿದಿದ್ದೆ. ಆಮೇಲಿನ ವರ್ಷಗಳಲ್ಲಿ ಅವ್ವ ಶಾಲೆಯಲ್ಲಿ ಸುಳ್ಳು ಹೇಳಿದ ಮಕ್ಕಳನ್ನು ಗದರುವುದನ್ನು ಬಿಟ್ಟಳು. ಸುಮ್ಮನೆ ತಲೆ ಸವರಿ ಕಳಿಸುತ್ತಿದ್ದಳು. ರವಿವಾರದ ಆರಾಧನೆಯಲ್ಲಿ ಅವರವರ ಪಾಪವನ್ನು ಮನಸ್ಸಿನಲ್ಲೇ ಅರಿಕೆ ಮಾಡುವ ಮೌನದ ಹೊತ್ತೊಂದಿದೆ. ಎಲ್ಲರೂ ಕಣ್ಣು ತೆರೆದ ಮೇಲೂ ಅವ್ವನ ಕಣ್ಣು ಮುಚ್ಚಿಯೇ ಇರುತ್ತಿತ್ತು. ಸತ್ಯವೇದ ಮುಟ್ಟಿ ಹೇಳಿದ ಸುಳ್ಳಿಗೆ ಕ್ಷಮೆ ಇದೆಯೇ ಎಂದು ಕೊನೆಯ ಕಾಯಿಲೆಯಲ್ಲೂ ಕೇಳಿದಳು. ಅವಳು ಹೋದ ಮೇಲೆ ಆ ಮೌನದಲ್ಲಿ ಅವಳ ಪರವಾಗಿ ನಾನು ಕ್ಷಮೆ ಕೇಳುತ್ತ ಬಂದಿದ್ದೇನೆ.

ಇಂದು ಇದನ್ನೆಲ್ಲ ಒಂದರ ಹಿಂದೊಂದು ಇಟ್ಟು ಬರೆಯುವಾಗ ಮೊದಲ ಬಾರಿಗೆ ನನಗೆ ಆ ಗೋಡೆ ನೆನಪಾಯಿತು. ಒಂದೇ ಇಟ್ಟಿಗೆ ದಪ್ಪದ ಮಣ್ಣಿನ ಗೋಡೆ. ಇತ್ತ ಹೇಳಿದ ಮಗ್ಗಿ ಅತ್ತ ಒಂದೊಂದೂ ಕೇಳುತ್ತಿತ್ತು. ಅಜ್ಜಿ ಎಲ್ಲವನ್ನೂ ಕೇಳಿರಬೇಕು. ಕೂಸಿಗೆ ಇರಲಿ ಅಂತ ಕೊಟ್ಟಾರ ಎಂದದ್ದನ್ನೂ, ಪುಸ್ತಕ ಮುಟ್ಟಿದ್ದನ್ನೂ. ಸಂಜೆಯವರೆಗೆ ಕೂತು ಯೋಚಿಸಿ, ಹೋಗುವ ಮುಂಚೆ ಆ ಮಾತನ್ನು ನಿಜ ಮಾಡಿ ಹೋಗಿದ್ದಾಳೆ. ಅವ್ವನಿಗೆ ಇದನ್ನು ಹೇಳಲು ಈಗ ದಾರಿಯಿಲ್ಲ.

ನಾಳೆ ರವಿವಾರ. ಆ ಮೌನದ ಹೊತ್ತಿಗೆ ಅವ್ವನಿಗಾಗಿ ನಾನು ಇನ್ನು ಕ್ಷಮೆ ಕೇಳುವುದಿಲ್ಲ. ಅಜ್ಜಿಯ ಹೆಸರು ಹೇಳಿ ಪ್ರಾರ್ಥಿಸಬೇಕೆಂದುಕೊಂಡೆ. ಆಮೇಲೆ ತಿಳಿಯಿತು, ಆಕೆಯ ಹೆಸರು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ.