ತಟ್ಟೆಯ ಅಂಚಿನ ಹೆಸರು

ದೊಡ್ಡಮ್ಮನ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಅಟ್ಟದಿಂದ ಸ್ಟೀಲ್ ತಟ್ಟೆಗಳ ಮೂಟೆ ಇಳಿಸುವಾಗ ಜಾರಿ, ಅಷ್ಟೂ ಭಾರ ಅದರ ಮೇಲೆ ಬಿದ್ದಿತ್ತಂತೆ. ಆಮೇಲೆ ಎಷ್ಟು ಸಲ ಕತ್ತರಿಸಿದರೂ ಅದು ಎರಡು ಹೋಳಾಗಿಯೇ ಬೆಳೆಯುತ್ತಿತ್ತು. ಹುಣಸೆಹಣ್ಣು, ಬೂದಿ ಹಾಕಿ ಪಾತ್ರೆ ತಿಕ್ಕಿ ತಿಕ್ಕಿ ಆ ಸೀಳಿನೊಳಗೆ ಕಪ್ಪು ಗೆರೆಯೊಂದು ನಿಂತುಬಿಟ್ಟಿತ್ತು. ಬಡಿಸುವಾಗ ಅದನ್ನು ನೋಡಿ ನಾನು ಮುಖ ಸಿಂಡರಿಸಿದರೆ, "ಉಗುರು ನೋಡ್ಬ್ಯಾಡ, ತಟ್ಟೆ ನೋಡ್ಕೊಂಡು ಉಣ್ಣು" ಅನ್ನುತ್ತಿದ್ದಳು.

ಆಕೆ ನನ್ನ ಅಪ್ಪನ ಅಣ್ಣನ ಹೆಂಡತಿ. ಅಲ್ಲಾಳಸಂದ್ರದ ಕೆರೆಗೆ ಕೂಗಳತೆಯಲ್ಲಿ, ಹಳೇ ಊರೊಳಗೆ ನಮ್ಮ ಮನೆ. ಸುತ್ತಲೂ ಅಪಾರ್ಟ್‌ಮೆಂಟುಗಳು ಎದ್ದರೂ ನಾವು ಎರಡು ಸಂಸಾರ ಒಂದೇ ಒಲೆಯಲ್ಲಿದ್ದೆವು. ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ. ಹಾಗಾಗಿ ನನ್ನ ಮೇಲೆ ಅಧಿಕಾರ ಚಲಾಯಿಸುವುದರಲ್ಲಿ ಅಮ್ಮನಿಗಿಂತ ಒಂದು ಕೈ ಮೇಲೆ. ನಾನೇನು ಕಮ್ಮಿಯೇ? ದಿನಕ್ಕೊಂದು ಜಗಳ ಇಬ್ಬರಿಗೂ ಇರಲೇಬೇಕಿತ್ತು.

ದೊಡ್ಡಪ್ಪ ತೀರಿಕೊಂಡದ್ದು ದೇವನಹಳ್ಳಿ ಕಡೆ ಹೊಸ ವಿಮಾನ ನಿಲ್ದಾಣ ಶುರುವಾದ ವರ್ಷ. ಹನ್ನೊಂದನೇ ದಿನದ ತಿಥಿಗೆ ಊರೆಲ್ಲ ಬಂದು ಉಂಡಿತು. ಥರ್ಮಾಕೋಲ್ ತಟ್ಟೆ, ಪ್ಲಾಸ್ಟಿಕ್ ಲೋಟ. ಉಂಡಿದ್ದನ್ನೆಲ್ಲ ಪಕ್ಕದ ಖಾಲಿ ಸೈಟಿಗೆ ಸುರಿದು ಕೈ ತೊಳೆದುಕೊಂಡೆವು. ಸಂಜೆ ಜೋರು ಗಾಳಿ ಎದ್ದಿತು. ಮಾರನೇ ಬೆಳಿಗ್ಗೆ ದೊಡ್ಡಮ್ಮ ಕೆರೆ ಕಡೆ ಹೋಗಿ ನೋಡಿದರೆ, ದೊಡ್ಡಪ್ಪ ದಿನಾ ಬೇವಿನಕಡ್ಡಿ ಜಗಿಯುತ್ತ ಕೂರುತ್ತಿದ್ದ ಚಪ್ಪಡಿಯ ಸುತ್ತ, ನೀರಿನಂಚಿಗೆ, ಅನ್ನ ಮೆತ್ತಿದ ಅವೇ ಬಿಳಿ ತಟ್ಟೆಗಳು. ಸೀರೆ ಎತ್ತಿ ಕಟ್ಟಿ, ಮೊಣಕಾಲುದ್ದ ಕೆಸರಿಗಿಳಿದು, ಒಬ್ಬಳೇ ಆಯ್ದಳು. ಕರೆಯಲು ಹೋದ ಅಪ್ಪನಿಗೆ ಹೇಳಿದ್ದು ಇಷ್ಟೇ: "ನಿಮ್ಮಣ್ಣ ಕೂರೋ ಜಾಗ್ದಲ್ಲೇ ಅವರ ತಿಥಿ ತಂದು ಸುರ್ದುಬುಟ್ವಲ್ಲಪ್ಪ."

ವರ್ಷದ ತಿಥಿಗೆ ಸ್ಟೀಲ್ ತಟ್ಟೆ ತರಿಸಿದಳು. ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ದೊಡ್ಡಪ್ಪನ ಹೆಸರು, ಮುಂದೆ 'ಇವರ ಪುಣ್ಯಸ್ಮರಣಾರ್ಥ' ಎಂದು ಹಾಕಿಸಿದ್ದಳು. ತಿಥಿಗೆ ಬಂದವರಿಗೆ ಇಂಥ ಪಾತ್ರೆಯನ್ನು ಹಂಚಿ ಕಳಿಸುವುದು ನಮ್ಮಲ್ಲಿ ರೂಢಿ. ದೊಡ್ಡಮ್ಮ ಅದರಲ್ಲಿ ಊಟ ಹಾಕಿದಳು, ಉಂಡವರು ಎದ್ದ ಮೇಲೆ ಎಲ್ಲವನ್ನೂ ತೊಳೆದು ಒಳಗಿಟ್ಟುಕೊಂಡಳು. ನೆಂಟರು ಕಿಸಕ್ಕನೆ ನಕ್ಕರು. ಕೊಡುವ ಕೈಯಲ್ಲ ಇದು ಅಂದರು. "ಕೊಟ್ರೆ ನಿಮ್ ಬೀರು ಸೇರ್ತದೆ, ಇಲ್ಲಿದ್ರೆ ಬೀದಿಯೆಲ್ಲ ಉಣ್ತದೆ" ಅಂದು ತನ್ನ ಪಾಡಿಗೆ ತಾನು ಮೂಟೆ ಕಟ್ಟಿದಳು.

ಬೀದಿಯೆಲ್ಲ ಉಂಡಿದ್ದೂ ನಿಜ. ಆಮೇಲೆ ಹೆಸರಿಲ್ಲದ ತಟ್ಟೆಗಳು, ಲೋಟಗಳು ಸೇರಿಕೊಂಡವು. ನಾಮಕರಣ, ಗೃಹಪ್ರವೇಶ, ಆರತಿ, ಏನಿದ್ದರೂ ಜನ ಮೊದಲು ನಮ್ಮ ಬಾಗಿಲಿಗೆ ಬರುತ್ತಿದ್ದರು. ಶುಭಕ್ಕೆ ಹೆಸರಿಲ್ಲದ ಮೂಟೆ, ತಿಥಿಗೆ ಹೆಸರಿನ ಮೂಟೆ. ತಟ್ಟೆ ಬೇಕೆಂದವರು ದೊಡ್ಡಮ್ಮನನ್ನೂ ಸಹಿಸಿಕೊಳ್ಳಬೇಕಿತ್ತು. ಬಾಟಲಿ ನೀರು ಇಲ್ಲ, ಕೊಳಗದ ನೀರು. ಹೂವು, ಸಿಪ್ಪೆ, ಮೂಳೆ ಎಲ್ಲ ತೆಂಗಿನ ಬುಡದ ಗುಂಡಿಗೆ. ಗಂಡು ಹೆಣ್ಣಿನ ಹೆಸರನ್ನು ಥರ್ಮಾಕೋಲಿನಲ್ಲಿ ಕತ್ತರಿಸಿ ಅಂಟಿಸುತ್ತೇವೆಂದರೆ, ಅದರಿಂದ ಸಂಸಾರ ಏನಾದರೂ ಗಟ್ಟಿಯಾಗುತ್ತಾ ಎಂದು ಕೇಳಿ, ಹಾಸಿಗೆ ಬಟ್ಟೆಯ ಮೇಲೆ ಚೆಂಡುಹೂವಿನಲ್ಲಿ ಬರೆಸುತ್ತಿದ್ದಳು. ಅನ್ನ ಒಂದೇ ಸಲ ಮಾಡಲು ಬಿಡುತ್ತಿರಲಿಲ್ಲ. ಬಾಗಿಲಲ್ಲಿ ನಿಂತು, ಬಂದವರು ಬಿಟ್ಟಿರುವ ಚಪ್ಪಲಿಗಳನ್ನು ಒಂದು ಸಲ ನೋಡಿ, ಇನ್ನೊಂದು ಹಂಡೆ ಇಡು ಎಂದೋ ಸಾಕು ಎಂದೋ ಅಡುಗೆ ಭಟ್ಟನಿಗೆ ಹೇಳುವಳು. ಮಕ್ಕಳ ಚಪ್ಪಲಿ ಜಾಸ್ತಿಯಿದ್ದರೆ ಅನ್ನ ಕಮ್ಮಿ, ಹಪ್ಪಳ ಜಾಸ್ತಿ. ಉಂಡೆದ್ದ ಮೇಲೆ ಅಂಗಳ ಗುಡಿಸಿದರೆ ಒಂದು ಮೊರ ಕಸವೂ ಬರುತ್ತಿರಲಿಲ್ಲ. ಆ ಖಾಲಿ ಮೊರವನ್ನು ಎಲ್ಲರಿಗೂ ತೋರಿಸದಿದ್ದರೆ ಅವಳಿಗೆ ಸಮಾಧಾನವಿಲ್ಲ!

ನನ್ನ ಮದುವೆ ಟಿ. ದಾಸರಹಳ್ಳಿಯ ಕಡೆ ನಿಶ್ಚಯವಾಯಿತು. ಮದುವೆ ಛತ್ರದಲ್ಲಿ ಗಂಡಿನ ಕಡೆಯವರ ಗತ್ತು ನೋಡಿಯೇ ಅಪ್ಪ ಅರ್ಧ ಇಳಿದುಹೋಗಿದ್ದ. ಎಲೆಗೊಂದು ನೀರಿನ ಬಾಟಲಿ ಇಟ್ಟಿಲ್ಲವೆಂದು ಅತ್ತೆಯವರು ಅಲ್ಲೇ ಗೊಣಗಿದ್ದರು. ಇನ್ನು ಉಳಿದದ್ದು ಬೀಗರೂಟ. ಮದುವೆಯಾದ ಮೇಲೆ ಗಂಡಿನ ಕಡೆಯವರನ್ನೆಲ್ಲ ಕರೆದು ನಮ್ಮ ಮನೆಯಂಗಳದಲ್ಲಿ ಮುದ್ದೆ, ಮಟನ್ ಸಾರು, ಬೋಟಿ ಹಾಕಿ ಕಳಿಸಬೇಕು. ಅಲ್ಲಿ ಬೀಗರ ಪಂಕ್ತಿಗೆ ಏನಾದರೂ ಊನವಾದರೆ ಆ ಮಾತು ಹೆಣ್ಣಿನ ಹಿಂದೆಯೇ ಗಂಡನ ಮನೆಗೆ ಹೋಗಿ ಕೂರುತ್ತದೆ. ಅಪ್ಪನಿಗೆ ಅದೇ ಭಯ. ಇದೊಂದಕ್ಕೆ ಬಾಟಲಿ, ಬಿಸಾಡುವ ತಟ್ಟೆ ತರಿಸೋಣವೆಂದು ಅತ್ತಿಗೆಯ ಮುಂದೆ ಗೋಗರೆದ. ದೊಡ್ಡಮ್ಮ ಜಪ್ಪಯ್ಯ ಅನ್ನಲಿಲ್ಲ. "ಏನಾರ ಆದ್ರೆ ನನ್ ತಲೆ ಮ್ಯಾಲೆ" ಅಂದಳು. ಹೋಗುವವಳು ನಾನು, ತಲೆ ಇವಳದ್ದಂತೆ ಎಂದು ನಾನು ಒಳಗೊಳಗೇ ಕುದಿದೆ.

ಆ ದಿನ ಬೆಳಿಗ್ಗೆಯೇ ಕರೆಂಟು ಹೋಯಿತು. ಬೋರ್‌ವೆಲ್ ಮೋಟರು ನಿಂತು ನಲ್ಲಿಯಲ್ಲಿ ನೀರು ದಾರದಂತೆ ಇಳಿಯತೊಡಗಿತು. ಮೊದಲ ಪಂಕ್ತಿಯಲ್ಲಿ ನಮ್ಮ ಊರಿನ ಹಿರಿಯರು ಮತ್ತು ದೂರ ಹೋಗುವವರನ್ನು ಕೂರಿಸಿ ಎಬ್ಬಿಸಿದರು. ಅಷ್ಟರಲ್ಲಿ ದಾಸರಹಳ್ಳಿಯಿಂದ ನಾವು ಲೆಕ್ಕಕ್ಕಿಟ್ಟಿದ್ದಕ್ಕಿಂತ ಹೆಚ್ಚಿನ ಗಾಡಿಗಳು ಬಂದು ನಿಂತವು. ಚಪ್ಪಲಿಗಳು ಬಾಗಿಲು ದಾಟಿ ಬೀದಿಗೆ ಹೋದವು. ದೊಡ್ಡಮ್ಮ ಒಂದು ನೋಟ ನೋಡಿದವಳೇ ಹಿತ್ತಲಿಗೆ ಓಡಿ, ತಾನೇ ಕುಕ್ಕರುಗಾಲಲ್ಲಿ ಕೂತು ಎಂಜಲು ತಟ್ಟೆ ತೊಳೆಯತೊಡಗಿದಳು. ಈಚೆ ಬೀಗರು ಬಂದು ಸಾಲಾಗಿ ಕೂತಾಗಿತ್ತು. ಮುಂದೆ ತಟ್ಟೆ ಇಲ್ಲ. ಮಾವನವರ ಅಣ್ಣ, ಆ ಮನೆಯ ಹಿರಿತಲೆ, ನಾನು ದೊಡ್ಡಮಾವ ಎನ್ನುವವರು, ಖಾಲಿ ಟೇಬಲ್ಲಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದರು. ಅಪ್ಪನ ಮುಖ ಬಿಳಿಚಿಕೊಂಡಿತು. ಒಳಗೆ ಹೋದವನು ಅಟ್ಟ ಹತ್ತಿ, ಅಲ್ಲಿ ಉಳಿದಿದ್ದ ಒಂದೇ ಮೂಟೆಯನ್ನು ಹೆಗಲ ಮೇಲೆ ಹೊತ್ತು ತಂದು, ಮೇಲಿನ ದೂಳು ಒರೆಸಿ, ದಡದಡ ಇಡುತ್ತ ಹೋದ. ಬಾಗಿಲ ಬಳಿ ಮದುಮಗಳ ಸೀರೆಯಲ್ಲಿ ನಿಂತಿದ್ದ ನಾನು ಕಣ್ಣಾರೆ ನೋಡಿದೆ. ಆ ಗಳಿಗೆಯಲ್ಲಿ ಅವನಿಗೆ ತಟ್ಟೆ ಕಂಡಿತೇ ಹೊರತು ಹೆಸರು ಕಾಣಲಿಲ್ಲ. ನನಗೂ ಹೊಳೆಯಲಿಲ್ಲ.

ಮುದ್ದೆ ಬಂತು. ದೊಡ್ಡಮಾವ ತಟ್ಟೆ ಹತ್ತಿರಕ್ಕೆಳೆದುಕೊಂಡರು. ಹೆಬ್ಬೆರಳು ಅಂಚಿನ ಚುಕ್ಕೆಗಳ ಮೇಲೆ ನಿಂತಿತು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಎಲ್ಲರಿಗೂ ಕೇಳುವಂತೆ ಓದಿದರು. ದೊಡ್ಡಪ್ಪನ ಹೆಸರು. ಆಮೇಲೆ, ಪುಣ್ಯಸ್ಮರಣಾರ್ಥ.

ಸಾಲಿನಲ್ಲಿದ್ದ ಪ್ರತಿಯೊಬ್ಬರೂ ತಮ್ಮ ತಮ್ಮ ತಟ್ಟೆ ತಿರುಗಿಸಿ ನೋಡಿಕೊಂಡರು. ಎಲ್ಲದರಲ್ಲೂ ಅದೇ.

"ಏನ್ರೀ ಇದು? ಮದ್ವೆ ಊಟಕ್ಕೆ ಕರ್ದು ಸತ್ತೋರ ತಟ್ಟೆ ಇಟ್ಟಿದ್ದೀರಲ್ಲ" ಅಂದರು ದೊಡ್ಡಮಾವ. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

ಅತ್ತೆಯವರು ಕೈ ಹಿಂದೆಳೆದುಕೊಂಡರು. ಈ ಮನೆಯಲ್ಲಿ ಶುಭಕಾರ್ಯ ನೋಡಿಕೊಳ್ಳಲು ಒಬ್ಬ ಮುತ್ತೈದೆಯೂ ಇರಲಿಲ್ಲವೇ ಎಂದು ಪಕ್ಕದವರನ್ನು ಕೇಳಿದರು. ಆ ಮಾತು ಯಾರಿಗೆ ಅಂತ ಅಂಗಳದಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಯಾರೋ ಕುರ್ಚಿ ಹಿಂದೆ ಸರಿಸಿದ ಸದ್ದು. ನನ್ನ ಗಂಡ ನನ್ನ ಮುಖ ನೋಡುತ್ತಿದ್ದಾನೆ. ಅಪ್ಪ ಸಾರಿನ ಬಕೆಟ್ಟಿನ ಪಕ್ಕ ನಿಂತೇ ಇದ್ದಾನೆ. ಬೀಗರು ಉಣ್ಣದೆ ಎದ್ದು ಹೋದರೆ ನಾನು ಯಾವ ಮುಖ ಹೊತ್ತು ಅವರ ಹಿಂದೆ ಹೋಗಲಿ?

ದೊಡ್ಡಮ್ಮ ಹಿತ್ತಲಿಂದ ಬಂದಳು. ಸೆರಗು ಒದ್ದೆ, ಮೊಣಕೈವರೆಗೆ ಬೂದಿ. ಟೇಬಲ್ಲಿನ ಮೇಲಿನ ತಟ್ಟೆ ನೋಡಿದಳು, ಆಮೇಲೆ ಅಪ್ಪನನ್ನು ನೋಡಿದಳು. ಅಪ್ಪ ಏನೋ ಹೇಳಲು ಹೊರಟವನು ಆ ನೋಟಕ್ಕೆ ಸುಮ್ಮನಾದ.

"ಇಡ್ಸಿದ್ದು ನಾನೇ ಬೀಗ್ರೆ, ನನ್ ಮೈದ್ನಂಗೆ ಗೊತ್ತಿಲ್ಲ" ಅಂದಳು. "ನನ್ ಗಂಡನ ತಟ್ಟೆ ಇವು. ದಿನಾ ನಾನು ಉಣ್ಣೋದು ಇದ್ರಲ್ಲೇ, ನಿಮ್ ಸೊಸೆ ಉಂಡು ಕಾಲೇಜು ಓದಿದ್ದೂ ಇದ್ರಲ್ಲೇ. ಬ್ಯಾಡ ಅನ್ನೋರಿಗೆ ಇತ್ಲಲ್ಲಿ ಬಾಳೆ ಐತೆ, ಎಲೆ ಕುಯ್ದು ಆಕ್ತೀನಿ. ಸಿಟ್ಟು ನನ್ ಮ್ಯಾಲಿರ್ಲಿ. ಉಡ್ಗಿ ಮ್ಯಾಲ್ ಬ್ಯಾಡ."

ಸುಳ್ಳು. ಹಸಿ ಸುಳ್ಳು. ಎಂದೂ ಒಂದು ಸಣ್ಣ ತಪ್ಪನ್ನೂ ಒಪ್ಪದ ಹೆಂಗಸು, ತಾನು ಮಾಡದ್ದನ್ನು ಅಷ್ಟು ಜನರ ಮುಂದೆ ತಲೆಗೆ ಕಟ್ಟಿಕೊಂಡು ನಿಂತಿದ್ದಳು. ತಪ್ಪು ಹುಡುಗಿಯ ಅಪ್ಪನದೆಂದಾದರೆ ಅದು ನನ್ನ ಜೊತೆ ದಾಸರಹಳ್ಳಿಗೆ ಬರುತ್ತದೆ, ಮುಂಡೆಯಾದ ದೊಡ್ಡಮ್ಮನದೆಂದಾದರೆ ಇಲ್ಲೇ ಉಳಿಯುತ್ತದೆ. ಅವಳ ಲೆಕ್ಕ ಅದು. ಬೀಗರು ಉಂಡು ಏಳುವ ಮುಂಚೆ ಮದುಮಗಳು ಉಣ್ಣಬಾರದೆಂಬ ನೇಮ ಗೊತ್ತಿದ್ದೂ, ದೊಡ್ಡಪ್ಪನ ಹೆಸರಿನದೇ ಒಂದು ತಟ್ಟೆ ಎತ್ತಿಕೊಂಡು, ಸಾಲಿನ ಕೊನೆಯಲ್ಲಿದ್ದ ಗಂಡನ ಅಜ್ಜಿಯ ಪಕ್ಕ ಕೂತುಬಿಟ್ಟೆ. ದೊಡ್ಡಮ್ಮನೇ ಬಂದು ಮುದ್ದೆ ಇಟ್ಟಳು. ಸೀಳು ಉಗುರಿನಲ್ಲಿ ಇನ್ನೂ ಬೂದಿಯಿತ್ತು. ಮುರಿದು ಬಾಯಿಗಿಟ್ಟುಕೊಂಡೆ.

ಅಜ್ಜಿ ನನ್ನನ್ನೂ ತಟ್ಟೆಯನ್ನೂ ನೋಡಿತು. "ಮುದ್ದೆ ಆರೋಯ್ತದೆ, ಸಾರು ಬಿಡ್ರವ್ವ" ಅಂದಿತು.

ದೊಡ್ಡಮಾವ ಕನ್ನಡಕ ಮಡಚಿ ಜೇಬಿಗಿಟ್ಟರು. ಕೆಲವರು ಎಲೆ ಹಾಕಿಸಿಕೊಂಡರು, ಹಲವರು ಅದರಲ್ಲೇ ಉಂಡರು. ಅತ್ತೆಯವರು ಮಾತ್ರ ಎದ್ದರು. ಹೊಟ್ಟೆ ಸರಿಯಿಲ್ಲ ಎಂದು ಹೇಳಿ, ಬಿಸಿಲಲ್ಲಿ ನಿಂತ ಗಾಡಿಯೊಳಗೆ ಹೋಗಿ ಕೂತರು. ಆ ದಿನವೂ ಅಂಗಳದಲ್ಲಿ ಕಸ ಬರಲಿಲ್ಲ. ಖಾಲಿ ಮೊರವನ್ನು ದೊಡ್ಡಮ್ಮ ಯಾರಿಗೂ ತೋರಿಸಲಿಲ್ಲ.

ನನ್ನ ಸಂಸಾರಕ್ಕೆ ಏನೂ ಆಗಲಿಲ್ಲ. ಅತ್ತೆಯವರು ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು. ಆದರೆ ಅಲ್ಲಾಳಸಂದ್ರಕ್ಕೆ ಬಂದಾಗಲೆಲ್ಲ "ಉಂಡು ಬಂದೆ" ಅನ್ನುವರು, ನೀರೂ ಮುಟ್ಟುತ್ತಿರಲಿಲ್ಲ. ನಿಜ ಹೇಳಿಬಿಡುತ್ತೇನೆಂದು ನಾನು ಎಗರಾಡಿದರೆ ದೊಡ್ಡಮ್ಮ ಆಣೆ ಹಾಕಿಸಿಕೊಂಡಳು. ತಟ್ಟೆ ಕೊಡುವುದನ್ನು ಅವಳು ನಿಲ್ಲಿಸಲಿಲ್ಲ. ಆದರೆ ಶುಭಕಾರ್ಯಗಳಲ್ಲಿ ಮುಂದೆ ಬಂದು ನಿಲ್ಲುವುದನ್ನು ನಿಲ್ಲಿಸಿದಳು. ಹಿತ್ತಲ ಬಾಗಿಲಿನಿಂದ ಹೋಗಿ, ಚಪ್ಪಲಿ ಎಷ್ಟಿವೆ ಎಂದು ಯಾರನ್ನಾದರೂ ಕೇಳಿ ತಿಳಿದು, ಹಂಡೆಗೆ ಅಕ್ಕಿ ಹಾಕಿಸಿ ಹಾಗೇ ವಾಪಸ್ಸಾಗುತ್ತಿದ್ದಳು. ಅದನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ ಹೃದಯದ ಕಾಯಿಲೆ ಬಂದು ಯಲಹಂಕದ ಆಸ್ಪತ್ರೆ ಸೇರಿದವಳು ತಿರುಗಿ ಬರಲಿಲ್ಲ. ಅಲ್ಲಿ ಮಲಗಿಕೊಂಡೇ ತನ್ನ ತಿಥಿಗೆ ಏನೇನು ಮಾಡಬೇಕೆಂದು ನನಗೆ ಹೇಳಿದ್ದಳು. ಎಷ್ಟು ಅಕ್ಕಿ, ಯಾರಿಗೆ ಯಾವ ಕೆಲಸ, ಗುಂಡಿ ಎಷ್ಟು ಆಳ ತೋಡಿಸಬೇಕು. ಕೊನೆಗೆ ಇನ್ನೊಂದು ಮಾತನ್ನೂ ಹೇಳಿದ್ದಳು.

ಹನ್ನೊಂದನೇ ದಿನ ಅಪ್ಪ ಹೆಸರಿನ ಮೂಟೆಯನ್ನು ಬೇರೆ ಯಾರಿಗೂ ಮುಟ್ಟಲು ಬಿಡದೆ ತಾನೇ ಇಳಿಸಿದ. ಅತ್ತೆಯವರು ಬಂದರು, ಫೋಟೋಗೆ ಹೂವು ಹಾಕಿದರು, ಉಂಡು ಬಂದೆ ಎಂದು ಚಪ್ಪಲಿ ಕಡೆ ತಿರುಗಿದರು. ತಟ್ಟೆಗಳನ್ನು ಎದೆಗವಚಿ ಹಿಡಿದಿದ್ದ ಅಪ್ಪ ಅಡ್ಡ ಬಂದು ನಿಂತ.

"ಅವತ್ತು ಈ ಮೂಟೆ ಇಳಿಸಿದ್ದು ನಾನು ಕಣಮ್ಮ. ಅತ್ತಿಗೆ ಅಲ್ಲ" ಅಂದ. ಅಷ್ಟು ಹೇಳುವಷ್ಟರಲ್ಲಿ ಅತ್ತುಬಿಟ್ಟ.

ಅತ್ತೆಯವರು ಮೆಟ್ಟಲು ಹೊರಟ ಚಪ್ಪಲಿಯನ್ನು ಅಲ್ಲೇ ಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, ನಿಮ್ಮ ದೊಡ್ಡಮ್ಮನ ಹೆಸರಿನ ತಟ್ಟೆ ಕೊಡು, ಅದರಲ್ಲೇ ಉಣ್ಣುತ್ತೇನೆ ಅಂದರು.

"ಹಾಕ್ಸಿಲ್ಲ ಅತ್ತೆ" ಅಂದೆ. "ಬೇಡ ಅಂದಿದ್ಲು. ನನ್ನ ಹೆಸರು ಓದಿ ಇನ್ನೊಬ್ರು ಊಟ ಬಿಟ್ಟು ಏಳೋದು ಬೇಡ ಅಂದ್ಲು."

ಅತ್ತೆಯವರು ಅಪ್ಪನ ಕೈಯಿಂದ ದೊಡ್ಡಪ್ಪನ ಹೆಸರಿನ ಒಂದು ತಟ್ಟೆ ತೆಗೆದುಕೊಂಡು ಸಾಲಿನ ಕೊನೆಯಲ್ಲಿ ಕೂತರು. ನಾನು ಬಡಿಸಿದೆ. ಒಂದು ಅಗುಳೂ ಬಿಡದೆ ಉಂಡರು. ಆಮೇಲೆ ತಟ್ಟೆಯನ್ನು ಯಾರ ಕೈಗೂ ಕೊಡದೆ ಹಿತ್ತಲಿಗೆ ಹೋಗಿ, ದೊಡ್ಡಮ್ಮ ಕೂರುತ್ತಿದ್ದ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತು, ಹುಣಸೆಹಣ್ಣು ಬೂದಿ ಹಾಕಿ ತಾವೇ ತಿಕ್ಕಿ ತೊಳೆದರು.