ಬಾಮೈದನ ಉಂಡೆ, ನನ್ನ ಹೊಟ್ಟೆಯುರಿ

ಬಾಯಲ್ಲಿ ಹೇಳಿದರೆ ಜಗಳವಾಗುತ್ತದೆ, ಬರೆದು ಟೀ ಹೋಟೆಲಿನ ಗೋಡೆಗೆ ಅಂಟಿಸು ಎಂದು ಇಲ್ಲಿ ಟೀ ಕುಡಿಯುವ ನೀವೆಲ್ಲ ಗಂಟುಬಿದ್ದಿರಿ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನ ಕೈಲಿ ಇದೆಂಥ ಕೆಲಸ ಮಾಡಿಸುತ್ತೀರಯ್ಯ!

ನನ್ನ ಹೆಂಡತಿಯ ಕ್ಯಾನ್ಸರಿಗೆ ಕರೆಂಟು, ಅದೇ ಆ ರೇಡಿಯೇಶನ್ನು, ಕೊಡಿಸಲು ಮುಳಬಾಗಿಲಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗುವವನು ನಾನು. ವಾಂತಿ ಒರೆಸುವವನೂ ನಾನೇ. ನಿನ್ನೆ ಅವಳ ತಮ್ಮ ಚಿನ್ನಪ್ಪ ನಂಗಲಿಯಿಂದ ಬಂದು, ತುಪ್ಪದಲ್ಲಿ ಕಲಸಿದ ಒಂದು ಉಂಡೆ ನುಂಗಿಸಿದ. ಊಟವೇ ಸೇರದಿದ್ದ ಅವಳು ಇವತ್ತು ಅರ್ಧ ಮುದ್ದೆ ಉಂಡು, "ನನ್ ತಮ್ಮನ ಕೈಗುಣ ನೋಡಿದ್ರಾ?" ಎಂದಳು. ಇಷ್ಟು ದಿನ ಉಣ್ಣಿಸಿದ ನನ್ನ ಕೈಗೆ ಗುಣವೇ ಇಲ್ಲವೇನು?

ಉಂಡೆಯ ವಾಸನೆಗೇ ಗೊತ್ತಾಯಿತು, ಭಂಗಿ ಸೊಪ್ಪು. ನಮ್ಮೂರ ಡಾಕ್ಟರನ್ನು ಕೇಳಿದೆ. "ಕರೆಂಟು ನಿಲ್ಲಿಸಬೇಡಿ. ಸೊಪ್ಪೆಷ್ಟು ಹಾಕಿದ್ದಾರೆ ಅಂತ ತಿಳೀದೆ ಇನ್ನೊಂದು ಉಂಡೆ ಕೊಡಬೇಡಿ" ಎಂದರು. ಚಿನ್ನಪ್ಪನನ್ನು ಕೇಳಿದರೆ, "ಹೇಳಿದ್ರೆ ಮದ್ದಿನ ಗುಣ ಹೋಗ್ತದೆ ಬಾವ" ಎಂದು ಹಲ್ಲು ಕಿರಿದ. ಅವಳು ಇನ್ನೊಂದು ಉಂಡೆಗೆ ಕೈಚಾಚಿ ಕೂತಿದ್ದಾಳೆ.

ಲೇ ಚಿನ್ನಪ್ಪ, ಒಳ್ಳೆಯ ಹೆಸರೆಲ್ಲ ನೀನೇ ಇಟ್ಟುಕೋ. ಸೋಮವಾರ ಮತ್ತೆ ಕರೆಂಟಿಗೆ ಹೋಗಬೇಕು, ಅಲ್ಲಿನ ಡಾಕ್ಟರಿಗೂ ಹೇಳಬೇಕು. ಸೊಪ್ಪೆಷ್ಟು ಹಾಕಿದೆ? ಭಾನುವಾರದೊಳಗೆ ಬಾಯಿ ಬಿಡು.